ಗುಂಗುರು ಕೂದಲಿನ ಕಥೆ

ತಳಕಿನ ನಮ್ಮ ಹುಡುಗಿಯರು ಗುಂಗುರು ಕೂದಲೆಂದರೆ ಮುಖ ಸಿಂಡರಿಸುತ್ತಾರೆ. ಅವರಿಗೆ ನಾನು ಯಲ್ಲಾಪುರ, ಹಳಿಯಾಳದ ಸಿದ್ದಿಯರ ವಿಷಯ ಹೇಳುತ್ತೇನೆ. ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಕಾಡು ಸೇರಿದರು. ಕಾಲಕ್ರಮದಲ್ಲಿ ಮಾತು ಕನ್ನಡ, ಕೊಂಕಣಿಯಾಯಿತು. ತಲೆಯ ಸುರುಳಿ ಮಾತ್ರ ಉಳಿಯಿತು.

ಅಮೆರಿಕದಲ್ಲಿ ಅದೇ ಸುರುಳಿಗೆ ಅವಮಾನ. ನೌಕರಿಗಾಗಿ, ಮರ್ಯಾದೆಗಾಗಿ ಎಷ್ಟೋ ಕಪ್ಪು ಹೆಂಗಸರು ಕಾಸ್ಟಿಕ್ ಸೋಡಾ ಬೆರೆತ ಲೇಪ ಹಚ್ಚಿ ಕೂದಲು ನೆಟ್ಟಗೆ ಮಾಡಿಕೊಂಡರು. ಅದು ಕೂದಲೊಳಗಿನ ಬಂಧವನ್ನೇ ಮುರಿಯುತ್ತದೆ. ಕೂದಲು ತುಂಡಾಗುತ್ತದೆ, ನೆತ್ತಿ ಸುಡುತ್ತದೆ. ಕೂದಲು ನೇರಮಾಡುವ ರಾಸಾಯನಿಕವನ್ನು ಪದೇ ಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚೆಂದು 2022ರ ಅಲ್ಲಿನ ಅಧ್ಯಯನವೊಂದು ಕಂಡಿತು.

ಸಹಜ ಗುಂಗುರಿಗೂ ಆರೈಕೆ ಬೇಕು. ನೆತ್ತಿಯ ಜಿಡ್ಡು ತುದಿ ಮುಟ್ಟದೆ ಬೇಗ ಒಣಗುತ್ತದೆ. ಎಣ್ಣೆ ಸವರಿ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಾಚಬೇಕು. ಮಗಳನ್ನು ಪಾರ್ಲರಿಗೆ ಕರೆದೊಯ್ಯುವ ಮೊದಲು, ತಾಯಂದಿರೇ, ಒಮ್ಮೆ ಯೋಚಿಸಿ: ನೆಟ್ಟಗಾಗಬೇಕಾದದ್ದು ಅವಳ ಕೂದಲೋ, ನೋಡುವವರ ಕಣ್ಣೋ?