ಡೌನ್‌ಲೋಡಿನ ಏದುಸಿರು

ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳಿಗೆ ಬರುವ ದೂರುಗಳಲ್ಲಿ ಒಂದರ ಮಾತು ವರ್ಷಗಟ್ಟಲೆ ಬದಲಾಗಿಲ್ಲ. "ಡೌನ್‌ಲೋಡ್ ಹಾಕಿದ್ರೆ ಸಿಸ್ಟಮ್ ಹ್ಯಾಂಗ್ ಆಗುತ್ತೆ." ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ, ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಪಕ್ಕದ ಮಳಿಗೆಯಲ್ಲಾಗಲಿ ಇದಕ್ಕೆ ಸಿಗುವ ಉತ್ತರಕ್ಕೂ ಅಷ್ಟೇ ವಯಸ್ಸು. "ಫಾರ್ಮ್ಯಾಟ್ ಮಾಡಿ ಕೊಡ್ತೀವಿ, ನಾಳೆ ಬನ್ನಿ." ದೂರು ಅದೇ, ಮದ್ದು ಅದೇ, ಆದರೆ ರೋಗ ಮಾತ್ರ ಈ ಅವಧಿಯಲ್ಲಿ ನಾಲ್ಕೈದು ಸಲ ಬೇರೆಯಾಗಿದೆ.

ನೆಟ್ ನಿಧಾನವಾಗುವುದು ಒಂದು, ಯಂತ್ರ ನಿಧಾನವಾಗುವುದು ಇನ್ನೊಂದು. ತಂತಿಯಲ್ಲೋ ಗಾಳಿಯಲ್ಲೋ ಬಂದ ಡೇಟಾವನ್ನು ಒಳಗೆ ಯಾರಾದರೂ ಬರಮಾಡಿಕೊಳ್ಳಬೇಕು, ಸರಿಯಿದೆಯೇ ಎಂದು ನೋಡಬೇಕು, ಡಿಸ್ಕಿನಲ್ಲಿ ಇಡಬೇಕು. ಎಪಿಎಂಸಿ ಯಾರ್ಡಿಗೆ ಲಾರಿ ಬಂದಾಗ ಹಮಾಲರಿದ್ದರೆ ಮೂಟೆ ಇಳಿಯುತ್ತದೆ, ವ್ಯಾಪಾರವೂ ನಡೆಯುತ್ತದೆ. ಹಮಾಲರಿಲ್ಲದಿದ್ದರೆ ಯಜಮಾನನೇ ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಮೂಟೆಗೆ ಹೆಗಲು ಕೊಡಬೇಕು. ಕಂಪ್ಯೂಟರಿನ ಯಜಮಾನ ಪ್ರೊಸೆಸರ್. ಆ ಹೆಗಲಿಗೆ ಯಾವ ಕಾಲದಲ್ಲಿ ಯಾರು ಮೂಟೆ ಹೊರಿಸಿದರು ಎಂಬುದೇ ಈ ದೂರಿನ ಚರಿತ್ರೆ.

1981ರಲ್ಲಿ ಬಂದ ಐಬಿಎಂ ಪಿಸಿಗೆ ಮೋಡೆಮ್ ಜೋಡಿಸುವ ಕಾರ್ಡಿನಲ್ಲಿ 8250 ಎಂಬ ಚಿಪ್ ಇತ್ತು. ಅದು ಒಂದು ಸಲಕ್ಕೆ ಹಿಡಿದಿಟ್ಟುಕೊಳ್ಳುತ್ತಿದ್ದುದು ಒಂದೇ ಒಂದು ಬೈಟ್. ಬೈಟ್ ಬಂದ ಕೂಡಲೇ ಅದು ಪ್ರೊಸೆಸರನ್ನು ಕರೆಯುತ್ತಿತ್ತು. ಈ ಕರೆಗೆ ಇಂಟರಪ್ಟ್ ಎನ್ನುತ್ತಾರೆ. ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಬೈಟ್ ಎತ್ತಿಕೊಂಡು, ಮತ್ತೆ ಹಿಂದಿನ ಕೆಲಸಕ್ಕೆ ಮರಳಬೇಕು. 9,600 ಬಿಟ್ ವೇಗದಲ್ಲಿ ಹೀಗೆ ಸೆಕೆಂಡಿಗೆ 960 ಸಲ. ಮೋಡೆಮ್‌ಗಳು ಚುರುಕಾಗಿ ಸೀರಿಯಲ್ ಪೋರ್ಟ್ 1,15,200 ಬಿಟ್‌ಗೆ ಏರಿದಾಗ ಸೆಕೆಂಡಿಗೆ 11,520 ಸಲ. ವಿಂಡೋಸ್ 3.1ರ ಕಾಲದ ಯಂತ್ರಗಳು ಇದನ್ನು ತಡೆದುಕೊಳ್ಳುತ್ತಿರಲಿಲ್ಲ. ಕರೆಗೆ ಓಗೊಡುವುದು ತಡವಾದರೆ ಹಿಂದಿನ ಬೈಟಿನ ಮೇಲೆ ಮುಂದಿನದು ಬಂದು ಕೂರುತ್ತಿತ್ತು, ಫೈಲ್ ಕೆಡುತ್ತಿತ್ತು. ನ್ಯಾಷನಲ್ ಸೆಮಿಕಂಡಕ್ಟರ್ ತಯಾರಿಸಿದ 16550ಎ ಚಿಪ್ಪಿನಲ್ಲಿ 16 ಬೈಟ್‌ಗಳ ಜಾಗವಿತ್ತು. 14 ತುಂಬಿದ ಮೇಲೆ ಕರೆದರೂ ಸಾಕು. ಅದೇ ವೇಗಕ್ಕೆ ಕರೆಗಳು ಸುಮಾರು 820ಕ್ಕೆ ಇಳಿದವು. ಆ ದಿನಗಳಲ್ಲಿ ಮೋಡೆಮ್ ಕೊಳ್ಳುವವರು "ನಿಮ್ಮ ಪೋರ್ಟಿನಲ್ಲಿ 16550 ಇದೆಯಾ?" ಎಂದು ವಿಚಾರಿಸುತ್ತಿದ್ದುದು ಸುಮ್ಮನೆ ಅಲ್ಲ.

ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲಾರಂಭಿಸಿದ್ದು 1995ರ ಆಗಸ್ಟ್ 15ರಂದು. ಡಯಲ್‌ಅಪ್ ಮನೆಮನೆಗೆ ಹಬ್ಬುವ ಹೊತ್ತಿಗೆ ಮೋಡೆಮ್ ತಯಾರಕರು ಉಳಿತಾಯದ ದಾರಿಯೊಂದನ್ನು ಕಂಡುಕೊಂಡಿದ್ದರು. ಫೋನಿನ ಸದ್ದನ್ನು ಅಂಕಿಗಳನ್ನಾಗಿ ಬಿಡಿಸುವ ಕೆಲಸಕ್ಕೆ ಮೋಡೆಮ್ ಒಳಗೆ ಪ್ರತ್ಯೇಕ ಚಿಪ್ ಯಾಕೆ, ಅದನ್ನೂ ಕಂಪ್ಯೂಟರಿನ ಪ್ರೊಸೆಸರೇ ಮಾಡಲಿ ಎಂಬುದು ಲೆಕ್ಕಾಚಾರ. ಯುಎಸ್ ರೊಬಾಟಿಕ್ಸ್ ಇಟ್ಟ "ವಿನ್‌ಮೋಡೆಮ್" ಎಂಬ ಹೆಸರು ಇಡೀ ಜಾತಿಗೇ ಅಂಟಿಕೊಂಡಿತು. ಬೆಲೆ ಇಳಿಯಿತು, ಮೂಟೆ ಹೆಗಲಿಗೆ ವಾಪಸ್ಸಾಯಿತು. ಹೊರಗಿಡುವ, ಕೆಂಪು ದೀಪ ಮಿನುಗುವ ಹಳೆಯ ಮೋಡೆಮ್ ಇದ್ದವರ ಯಂತ್ರ ಡೌನ್‌ಲೋಡ್ ವೇಳೆ ಆರಾಮಾಗಿರುತ್ತಿತ್ತು. ಒಳಗೆ ಅಗ್ಗದ ಕಾರ್ಡ್ ಹಾಕಿಸಿಕೊಂಡವರದು ಮುಗ್ಗರಿಸುತ್ತಿತ್ತು. ಜಾಗವೂ ಬ್ಯಾಟರಿಯೂ ಕಡಿಮೆಯಿರುವ ಲ್ಯಾಪ್‌ಟಾಪ್‌ಗಳಲ್ಲಂತೂ ಆಮೇಲೆ ಬಂದದ್ದು ಬಹುಪಾಲು ಈ ಜಾತಿಯ ಮೋಡೆಮ್‌ಗಳೇ. ಲಿನಕ್ಸ್ ಬಳಸುವವರಿಗೆ ಅವುಗಳ ಡ್ರೈವರ್ ಹುಡುಕುವುದು ಬೇರೆಯದೇ ಗೋಳು.

ಇದೇ ಹೊತ್ತಿಗೆ ದೊಡ್ಡ ಯಂತ್ರಗಳ ಜಗತ್ತಿನಲ್ಲೂ ಇದರ ಅಣ್ಣನಂಥ ಸಮಸ್ಯೆಯೊಂದು ಕಾಡುತ್ತಿತ್ತು. ನೆಟ್‌ವರ್ಕಿನಿಂದ ಪ್ಯಾಕೆಟ್‌ಗಳು ತೀರಾ ವೇಗವಾಗಿ ಬಂದರೆ ಪ್ರೊಸೆಸರ್ ಇಂಟರಪ್ಟ್‌ಗಳಿಗೆ ಉತ್ತರಿಸುವುದರಲ್ಲೇ ಪೂರ್ತಿ ಮುಳುಗಿ, ಬಂದ ಪ್ಯಾಕೆಟ್‌ಗಳನ್ನು ಮುಂದಕ್ಕೆ ಸಾಗಿಸಲು ಪುರುಸೊತ್ತಿಲ್ಲದೆ ಎಸೆದುಬಿಡುತ್ತದೆ. ಮೈತುಂಬ ಕೆಲಸ, ಆದದ್ದು ಸೊನ್ನೆ. ಇದಕ್ಕೆ ರಿಸೀವ್ ಲೈವ್‌ಲಾಕ್ ಎಂದು ಹೆಸರು. ಜೆಫ್ರಿ ಮೊಗುಲ್ ಮತ್ತು ಕೆ.ಕೆ. ರಾಮಕೃಷ್ಣನ್ 1996ರಲ್ಲಿ ಮಂಡಿಸಿದ ಪ್ರಬಂಧ ಇದಕ್ಕೆ ಪರಿಹಾರ ಹೇಳಿತು. ಒತ್ತಡ ಹೆಚ್ಚಾದಾಗ ಕರೆಗಂಟೆಯನ್ನೇ ಬಂದ್ ಮಾಡಿ, ಪ್ರೊಸೆಸರ್ ತನಗೆ ಬಿಡುವಾದಾಗ ತಾನೇ ಹೋಗಿ ನೋಡಲಿ, ಒಂದು ಸಲಕ್ಕೆ ಇಷ್ಟೇ ಎಂದು ಎತ್ತಿಕೊಳ್ಳಲಿ ಎಂಬುದು ಅದರ ಸಾರ. ಈ ರಾಮಕೃಷ್ಣನ್ ಎಂ.ಟೆಕ್ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಮುಂದೆ ಲಿನಕ್ಸಿನಲ್ಲಿ ನೇಪಿ ಎಂಬ ಹೆಸರಿನಲ್ಲಿ ಬಂದ ವ್ಯವಸ್ಥೆ ಇದೇ ದಾರಿಯದು.

ನಮ್ಮ ಮನೆಗಳ ಮಟ್ಟಿಗೆ ಕಥೆ ರಂಗೇರಿದ್ದು 2005ರ ನಂತರ, ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ. 256 ಕಿಲೋಬಿಟ್ ವೇಗದಲ್ಲಿ 700 ಎಂಬಿಯ ಒಂದು ಸಿನಿಮಾ ಇಳಿಯಲು ಆರು ತಾಸಿಗೂ ಮೇಲೆ ಬೇಕು. ಕೆಲವು ಪ್ಲಾನುಗಳಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಬಳಸಿದ್ದಕ್ಕೆ ಲೆಕ್ಕವಿರಲಿಲ್ಲ. ಎರಡಕ್ಕೆ ಅಲಾರಂ ಇಟ್ಟು ಎದ್ದು ಟೊರೆಂಟ್ ಶುರುಮಾಡಿ ಮಲಗುವ, ಎಂಟಕ್ಕೆ ಮುಂಚೆ ಓಡಿಬಂದು ನಿಲ್ಲಿಸುವ ಪದ್ಧತಿ ಒಂದು ಪೀಳಿಗೆಯ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಎಂಟು ಗಂಟೆ ದಾಟಿಸಿದವರಿಗೆ ಬಿಲ್ಲಿನಲ್ಲಿ ಪಾಠವಾಗುತ್ತಿತ್ತು. ಆ ಮೋಡೆಮ್‌ಗಳಲ್ಲಿ ಹಲವಕ್ಕೆ ಯುಎಸ್‌ಬಿ, ಈಥರ್‌ನೆಟ್ ಎರಡೂ ಇದ್ದವು. ಈಥರ್‌ನೆಟ್ಟಿಗೇ ಹಾಕಿ ಎಂದು ಹೇಳುತ್ತಿದ್ದ ಮೆಕ್ಯಾನಿಕ್ಕಿಗೆ ಕೆಲಸ ಗೊತ್ತಿತ್ತು ಎನ್ನಬೇಕು, ಏಕೆಂದರೆ ಯುಎಸ್‌ಬಿ ದಾರಿಯಲ್ಲಿ ಪ್ರೊಸೆಸರಿಗೆ ದುಡಿತ ಹೆಚ್ಚು.

ಆದರೂ ಆ ಕಾಲದ ನಿಜವಾದ ಕಳ್ಳ ಕೂತಿದ್ದು ಡಿಸ್ಕಿನ ದಾರಿಯಲ್ಲಿ. ಹಾರ್ಡ್ ಡಿಸ್ಕಿನಿಂದ ಮೆಮೊರಿಗೆ ಡೇಟಾ ಸಾಗಲು ಎರಡು ವಿಧಾನಗಳು: ಡಿಎಂಎ, ಪಿಐಒ. ಡಿಎಂಎಯಲ್ಲಿ ಪ್ರೊಸೆಸರಿನ ಕೈ ಸೋಕದೆ ಸಾಗಾಟ ನಡೆಯುತ್ತದೆ. ಪಿಐಒದಲ್ಲಿ ಪ್ರತಿಯೊಂದನ್ನೂ ಪ್ರೊಸೆಸರೇ ಎತ್ತಿಡಬೇಕು. ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ನಿಯಮವಿತ್ತು. ಡಿಸ್ಕಿನ ಸಂಪರ್ಕದಲ್ಲಿ ಒಟ್ಟು ಆರು ದೋಷಗಳು ಲೆಕ್ಕಕ್ಕೆ ಸಿಕ್ಕರೆ ವೇಗವನ್ನು ಒಂದು ಮೆಟ್ಟಿಲು ಇಳಿಸುವುದು, ದೋಷ ಮುಂದುವರಿದರೆ ಇಳಿಸುತ್ತಾ ಇಳಿಸುತ್ತಾ ಪಿಐಒಗೆ ತಂದು ನಿಲ್ಲಿಸುವುದು. ಮತ್ತೆ ತಾನಾಗಿ ಮೇಲೇರುವ ವ್ಯವಸ್ಥೆ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಮಲಗಿಸಿ ಎಬ್ಬಿಸುವಾಗ ಆಗುವ ವಿಳಂಬವೂ ಕೆಲವೊಮ್ಮೆ ದೋಷವೆಂದೇ ದಾಖಲಾಗುತ್ತಿತ್ತು. ಹೀಗೆ ಡಿಸ್ಕು ಗಟ್ಟಿಮುಟ್ಟಾಗಿದ್ದರೂ, ದಿನಕ್ಕೆ ಹತ್ತು ಸಲ ಮುಚ್ಚಿ ತೆರೆದ ತಪ್ಪಿಗೆ ಯಂತ್ರ ತೆವಳತೊಡಗುತ್ತಿತ್ತು. ಡೌನ್‌ಲೋಡ್ ಶುರುವಾಗಿ ಬರೆಯುವ ಕೆಲಸ ಬಿದ್ದ ಕೂಡಲೇ ಮೌಸ್ ಪಾಯಿಂಟರ್ ಜಿಗಿಯುತ್ತಿತ್ತು, ಹಾಡು ಕತ್ತರಿಸಿ ಕತ್ತರಿಸಿ ಬರುತ್ತಿತ್ತು.

ಅಂಗಡಿಯವರು ಫಾರ್ಮ್ಯಾಟ್ ಮಾಡುತ್ತಿದ್ದರು. ಸರಿಯೂ ಹೋಗುತ್ತಿತ್ತು! ಹೊಸದಾಗಿ ವಿಂಡೋಸ್ ಹಾಕಿದಾಗ ಹಳೆಯ ದೋಷಗಳ ಲೆಕ್ಕ ಅಳಿಸಿಹೋಗಿ ಡಿಎಂಎ ಮರಳುತ್ತಿತ್ತು. ಡಿವೈಸ್ ಮ್ಯಾನೇಜರಿಗೆ ಹೋಗಿ ಪ್ರೈಮರಿ ಐಡಿಇ ಚಾನೆಲ್ ಅಳಿಸಿ ರೀಸ್ಟಾರ್ಟ್ ಮಾಡಿದ್ದರೂ ಇದೇ ಫಲ ಐದು ನಿಮಿಷದಲ್ಲಿ ಸಿಗುತ್ತಿತ್ತು, ಮದುವೆಯ ಫೋಟೋಗಳೂ ಉಳಿಯುತ್ತಿದ್ದವು. ಫಲಿಸಿದ ಮದ್ದಿನ ಕಾರಣ ಯಾರೂ ಕೇಳುವುದಿಲ್ಲ. "ವೈರಸ್ ಇತ್ತು ಸರ್" ಎಂಬ ವಿವರಣೆ ನಿಂತುಬಿಟ್ಟಿತು. ಫಾರ್ಮ್ಯಾಟಿಗೆ ನಮ್ಮಲ್ಲಿ ಇರುವ ಅತಿಯಾದ ಪ್ರತಿಷ್ಠೆಯಲ್ಲಿ ಒಂದು ಪಾಲು ಈ ಆರು ದೋಷಗಳ ನಿಯಮಕ್ಕೆ ಸಲ್ಲಬೇಕು.

ವೈರಸ್ಸಿನ ಪಾತ್ರ ಇರಲೇ ಇಲ್ಲವೆಂದಲ್ಲ, ಆದರೆ ವೈರಸ್ ಕಾಯುವವನದೇ ಪಾತ್ರ ದೊಡ್ಡದಾಗಿದ್ದ ಸಂದರ್ಭಗಳು ಹಲವು. ಇಳಿಯುತ್ತಿರುವ ಫೈಲನ್ನು ಆಂಟಿವೈರಸ್ ಬಿಚ್ಚಿ ಬಿಚ್ಚಿ ನೋಡುತ್ತದೆ. ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್ ಇದ್ದರೆ ಒಂದು ಮುಟ್ಟಿದ್ದನ್ನು ಇನ್ನೊಂದು ಮತ್ತೆ ಮುಟ್ಟುತ್ತದೆ.

2007ರಲ್ಲಿ ಪ್ರಕರಣ ತಿರುಗುಮುರುಗಾಯಿತು. ವಿಂಡೋಸ್ ವಿಸ್ಟಾದಲ್ಲಿ ಹಾಡು ಹಾಕಿದರೆ ನೆಟ್‌ವರ್ಕಿನ ವೇಗ ಕುಸಿಯುತ್ತದೆ ಎಂದು ಬಳಕೆದಾರರು ಪತ್ತೆಹಚ್ಚಿದರು. ಮೈಕ್ರೋಸಾಫ್ಟಿನ ಮಾರ್ಕ್ ರಸಿನೋವಿಚ್ ಕಾರಣ ಬಿಡಿಸಿ ಹೇಳಿದರು: ಪ್ಯಾಕೆಟ್‌ಗಳ ಕರೆಯಿಂದ ಹಾಡು ತಡವರಿಸಬಾರದೆಂದು, ಹಾಡು ನಡೆಯುವಷ್ಟು ಹೊತ್ತು ಮಿಲಿಸೆಕೆಂಡಿಗೆ 10 ಪ್ಯಾಕೆಟ್ ಮಾತ್ರ ಎಂಬ ಮಿತಿ ಹಾಕಲಾಗಿತ್ತು. ಗಿಗಾಬಿಟ್ ನೆಟ್‌ವರ್ಕ್ ಇದ್ದ ಕಚೇರಿಗಳಿಗೆ ಇದು ತುಟ್ಟಿಯಾಯಿತು. ಮನೆಯ ನಿಧಾನ ಬ್ರಾಡ್‌ಬ್ಯಾಂಡಿನವರಿಗೆ ಗೊತ್ತೇ ಆಗಲಿಲ್ಲ.

ಫೈಬರ್ ಬಂದ ಮೇಲೆ ಡಿಸ್ಕಿನ ಸರದಿ ಮತ್ತೆ ಬಂತು. ನಿಮಿಷಕ್ಕೆ 5,400 ಸುತ್ತಿನ ಲ್ಯಾಪ್‌ಟಾಪ್ ಡಿಸ್ಕ್ ಸಾಲಾಗಿ ಬರೆಯುವುದರಲ್ಲಿ ಪರವಾಗಿಲ್ಲ. ಟೊರೆಂಟಿನಂತೆ ಚೂರುಚೂರಾಗಿ ಅಲ್ಲಲ್ಲಿ ಬರೆಯಬೇಕಾದಾಗ ಸುಸ್ತಾಗುತ್ತದೆ. 2012ರ ವಿಂಡೋಸ್ 8ರಿಂದ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕಿಗೂ ಶೇಕಡಾವಾರು ಲೆಕ್ಕ ಕಾಣತೊಡಗಿತು. "ಡಿಸ್ಕ್ 100% ತೋರಿಸ್ತಿದೆ" ಎಂಬ ಹೊಸ ದೂರು ಅಲ್ಲಿಂದ ಹುಟ್ಟಿದ್ದು. ಎಸ್‌ಎಸ್‌ಡಿ ಹಾಕಿಸಿದರೆ ಬಹುಪಾಲು ಪ್ರಕರಣ ಮುಗಿಯುತ್ತದೆ. ಅಗ್ಗದ ಎಸ್‌ಎಸ್‌ಡಿಗಳಲ್ಲಿ ಮಾತ್ರ ವೇಗದ ಕ್ಯಾಶ್ ಭಾಗ ತುಂಬುವವರೆಗೆ ಓಟ, ಆಮೇಲೆ ನಡಿಗೆ. ಹತ್ತಾರು ಜಿಬಿಯ ಗೇಮ್ ಇಳಿಸಿಕೊಳ್ಳುವವರಿಗೆ ಇದು ಅರ್ಧ ದಾರಿಯಲ್ಲಿ ಅನುಭವಕ್ಕೆ ಬರುತ್ತದೆ.

ಇನ್ನು ಸಿಪಿಯು, ಮೆಮೊರಿ, ಡಿಸ್ಕ್ ಯಾವುದೂ ತುಂಬದೆ ಬರೀ ಮೌಸ್ ತಡವರಿಸುವ ಪ್ರಕರಣಗಳಿವೆ. ಡೌನ್‌ಲೋಡನ್ನು ಯುಎಸ್‌ಬಿ 3.0 ಇರುವ ಹೊರಗಿನ ಡಿಸ್ಕಿಗೆ ನೇರವಾಗಿ ಹಾಕುವವರಲ್ಲಿ ಇದು ಕಾಣುತ್ತದೆ. ಆ ಕೇಬಲ್ ಡೇಟಾ ಸಾಗಿಸುವಾಗ ಹೊಮ್ಮಿಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೂ ಚಾಚುತ್ತದೆ ಎಂದು ಇಂಟೆಲ್ 2012ರಲ್ಲೇ ವರದಿ ಮಾಡಿದೆ. ವೈರ್‌ಲೆಸ್ ಮೌಸ್ ಕೆಲಸ ಮಾಡುವುದೂ ಅದೇ ಪಟ್ಟಿಯಲ್ಲಿ. ಮೌಸಿನ ಪುಟ್ಟ ರಿಸೀವರನ್ನು ಡಿಸ್ಕಿನ ಪಕ್ಕದ ಕಿಂಡಿಯಿಂದ ಕಿತ್ತು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಚುಚ್ಚಿದರೆ ಅಥವಾ ಒಂದು ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ಇಟ್ಟರೆ ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.