ವಾಟ್ಸಾಪ್ ಸುದ್ದಿ ನಿಜ ಐತೋ, ಸುಳ್ಳೋ? ಪತ್ರಕರ್ತರಿಗೆ ಎಐ ತರಬೇತಿಯಲ್ಲಿ ಏನು ಕಲಿಸ್ತಾರೆ

ಮನಗೂಳಿ: ಹತ್ತು ರೂಪಾಯಿ ನಾಣ್ಯ ನಡೆಯಂಗಿಲ್ಲ ಅಂತ ಗಿರಾಕಿ ಜೊತೆ ವಾದ ಮಾಡದ ಅಂಗಡಿ ನಮ್ಮ ಭಾಗದಲ್ಲಿ ಸಿಗೋದು ಕಷ್ಟ. ಹತ್ತು ರೂಪಾಯಿಯ 14 ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿತ್ತು. ಆದರೂ ಗಾಳಿಸುದ್ದಿ ಮುಂದೆ ಹೋಯ್ತು, ಸ್ಪಷ್ಟೀಕರಣ ಹಿಂದೆ ಉಳೀತು.

ನಾಣ್ಯದ ಮಾತಾದರೆ ಜಗಳದಲ್ಲಿ ಮುಗೀತದ. ಅದೇ 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂದು ತಿಳಿದು ಐವರನ್ನು ಹೊಡೆದು ಕೊಂದರು. ಸತ್ತವರಲ್ಲಿ ಹೆಚ್ಚಿನವರು ನಮ್ಮ ಗಡಿಯಾಚೆಯ ಮಂಗಳವೇಢೆ ಕಡೆಯ ಅಲೆಮಾರಿಗಳು. ಹನ್ನೆರಡು ದಿನ ಕಳೆದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಎಂಬ ಕಾರಣಕ್ಕೆ ಹೈದರಾಬಾದಿನಿಂದ ಬಂದಿದ್ದವರ ಮೇಲೆ ಜನ ಮುಗಿಬಿದ್ದರು. ಒಬ್ಬ ಯುವಕ ಸತ್ತ. ಆ ವರ್ಷ ಹರಿದಾಡಿದ ‘ಮಗು ಅಪಹರಣ’ದ ಒಂದು ವಿಡಿಯೊ ಅಸಲಿಗೆ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮಗುವನ್ನು ವಾಪಸ್ ತಂದು ಬಿಡುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಿದ್ದರು, ಅಷ್ಟೇ.

ಈ ಸಾವುಗಳ ನಂತರವೇ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಎಂಬ ಮಿತಿ ಹಾಕಿದ್ದು. ಪತ್ರಕರ್ತರ ತರಬೇತಿ ದೊಡ್ಡ ಮಟ್ಟದಲ್ಲಿ ಶುರುವಾದದ್ದೂ ಅದೇ ವರ್ಷ. ಗೂಗಲ್ ನ್ಯೂಸ್ ಇನಿಶಿಯೇಟಿವ್ 2018ರ ಜೂನ್‌ನಲ್ಲಿ ಡೇಟಾಲೀಡ್ಸ್, ಇಂಟರ್‌ನ್ಯೂಸ್ ಮುಂತಾದ ಸಂಸ್ಥೆಗಳ ಜೊತೆ ಸೇರಿ, ಒಂದು ವರ್ಷದಲ್ಲಿ 8,000 ಪತ್ರಕರ್ತರಿಗೆ ಸುಳ್ಳು ಪತ್ತೆಹಚ್ಚುವುದನ್ನು ಕಲಿಸುವ ಯೋಜನೆ ಪ್ರಕಟಿಸಿತು. ಮೊದಲು 200 ತರಬೇತುದಾರರನ್ನು ತಯಾರು ಮಾಡೋದು, ಅವರು ಭಾರತೀಯ ಭಾಷೆಗಳಲ್ಲಿ ಉಳಿದವರಿಗೆ ಕಲಿಸೋದು ಎಂಬ ಲೆಕ್ಕ.

ಏನು ಕಲಿಸ್ತಾರೆ?

ಮೊದಲ ಪಾಠ ಫೋಟೊದ ಹಿಂದಿನ ದಾರಿ ಹುಡುಕೋದು. ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದು ಅಂಥದೇ ಚಿತ್ರ ಮೊದಲು ಎಲ್ಲೆಲ್ಲಿ ಬಂದಿತ್ತು ಅಂತ ತೋರಿಸುತ್ತೆ. ವಿಡಿಯೊ ಆದರೆ ‘ಇನ್‌ವಿಡ್’ ಎಂಬ ಉಚಿತ ಸಲಕರಣೆ ಅದನ್ನು ಬಿಡಿ ಬಿಡಿ ಚಿತ್ರಗಳಾಗಿ ಒಡೆದುಕೊಡುತ್ತೆ, ಒಂದೊಂದನ್ನೇ ಹುಡುಕಬಹುದು. ನಮ್ಮ ಊರಿನದು ಎಂದು ಬಂದ ಪ್ರವಾಹದ ದೃಶ್ಯ ನಾಲ್ಕು ವರ್ಷ ಹಿಂದಿನ ಬೇರೆ ರಾಜ್ಯದ್ದು ಎಂದು ಸಿಕ್ಕಿಬೀಳೋದು ಹೀಗೆ. ಅಂಗಡಿ ಬೋರ್ಡಿನ ಭಾಷೆ, ಗಾಡಿಯ ನಂಬರ್ ಪ್ಲೇಟು, ಗುಡಿಯ ಗೋಪುರ ನೋಡಿ ಜಾಗ ಗುರುತಿಸೋದನ್ನೂ ಹೇಳಿಕೊಡ್ತಾರೆ.

ಎಐನಿಂದಲೇ ಹುಟ್ಟಿದ ಸುಳ್ಳು ಇದಕ್ಕಿಂತ ಕಠಿಣ. 2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿದ್ದು ದೇಶವೆಲ್ಲ ಸುದ್ದಿಯಾಯ್ತು. ಮುಂದಿನ ತಿಂಗಳೇ ಇನ್ಫೊಸಿಸ್ ನಾರಾಯಣಮೂರ್ತಿ ಅವರು ಹೂಡಿಕೆ ಆ್ಯಪ್‌ಗಳ ಪರ ತಾವು ಮಾತಾಡಿದಂತೆ ತೋರಿಸುವ ವಿಡಿಯೊಗಳು ನಕಲಿ ಎಂದು ತಾವೇ ಎಚ್ಚರಿಸಬೇಕಾಯಿತು. ಇಂಥವುಗಳ ಪರೀಕ್ಷೆಗಾಗಿ 2024ರ ಮಾರ್ಚ್‌ನಲ್ಲಿ ಫ್ಯಾಕ್ಟ್‌ಚೆಕ್ ಸಂಸ್ಥೆಗಳ ಒಕ್ಕೂಟ ‘ಡೀಪ್‌ಫೇಕ್ಸ್ ಅನಾಲಿಸಿಸ್ ಯುನಿಟ್’ ಆರಂಭಿಸಿತು. ಪತ್ತೆ ಸಲಕರಣೆ ಧ್ವನಿ, ತುಟಿ ಚಲನೆ ಅಳೆದು ‘ಇಷ್ಟು ಪ್ರತಿಶತ ನಕಲಿ ಇರಬಹುದು’ ಅಂತಷ್ಟೇ ಹೇಳುತ್ತೆ. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಮಸುಕಾದ ವಿಡಿಯೊ ಕೊಟ್ಟರೆ ಅದೂ ತಡವರಿಸುತ್ತೆ. ಅಂಥ ಅಂಕಿ ಸುಳಿವು, ತೀರ್ಪಲ್ಲ.

ಚಾಟ್‌ಬಾಟ್‌ಗೆ ‘ಇದು ನಿಜವೇ?’ ಅಂತ ಕೇಳಿ ಬಿಡೋರೂ ಇದ್ದಾರೆ. 2025ರ ಮೇ ತಿಂಗಳ ಭಾರತ–ಪಾಕ್ ಸಂಘರ್ಷದ ಹೊತ್ತಿಗೆ ಗ್ರೋಕ್ ಏನು ಮಾಡಿತು ಗೊತ್ತೇ? ಸುಡಾನಿನ ಖಾರ್ಟೂಮ್ ವಿಮಾನ ನಿಲ್ದಾಣದ ಹಳೆಯ ವಿಡಿಯೊವನ್ನು ಪಾಕಿಸ್ತಾನದ ನೂರ್ ಖಾನ್ ವಾಯುನೆಲೆಯದು ಎಂದಿತು.

ಒಂದು ಫೋನ್ ಕರೆ

ನಮ್ಮಂಥ ಸಣ್ಣ ಸುದ್ದಿತಾಣಗಳಿಗೆ ದೊಡ್ಡ ಪಾಠ ಹಾವೇರಿಯದು. 2024ರ ಅಕ್ಟೋಬರ್‌ನಲ್ಲಿ ನಮ್ಮ ತಿಕೋಟಾ ತಾಲ್ಲೂಕಿನ ಹೊನವಾಡದ ವಕ್ಫ್ ಜಮೀನು ವಿಚಾರ ಎದ್ದು ರೈತರೆಲ್ಲ ಪಹಣಿ ನೋಡಿಕೊಳ್ಳುತ್ತಿದ್ದರು. ಆ ಬಿಸಿಯಲ್ಲೇ, ನವೆಂಬರ್‌ನಲ್ಲಿ, ಹಾವೇರಿಯ ರೈತರೊಬ್ಬರ ಆತ್ಮಹತ್ಯೆಗೆ ವಕ್ಫ್ ಕಾರಣ ಎಂಬ ಸುದ್ದಿ ಕನ್ನಡ ಸುದ್ದಿತಾಣಗಳಲ್ಲಿ ಬಂತು; ಸಂಸದರೊಬ್ಬರು ಹಂಚಿಕೊಂಡರು. ಆ ಸಾವು 2022ರದ್ದು, ಸಾಲ ಮತ್ತು ಬೆಳೆ ನಷ್ಟ ಕಾರಣ ಎಂದು ಪೊಲೀಸರು ತಿಳಿಸಿದರು. ಸಂಸದರ ಜೊತೆ ಸುದ್ದಿತಾಣಗಳ ಸಂಪಾದಕರ ಮೇಲೂ ಪ್ರಕರಣ ದಾಖಲಾಯ್ತು. ಸಂಸದರ ಮೇಲಿನದನ್ನು ಹೈಕೋರ್ಟ್ ಮುಂದೆ ರದ್ದುಮಾಡಿತು. ಹೊನವಾಡದ ತಕರಾರು ನಿಜವೇ ಇತ್ತು, ರೈತರ ಚಿಂತೆಯೂ ನಿಜ. ಆದರೆ ಈ ಸಾವನ್ನು ಅದಕ್ಕೆ ಗಂಟುಹಾಕಿದ್ದು ತಪ್ಪು. ಇಲ್ಲಿ ಚಿತ್ರ ನಕಲಿಯಲ್ಲ, ಧ್ವನಿ ನಕಲಿಯಲ್ಲ. ಯಾವ ಎಐ ಸಲಕರಣೆಯೂ ಹಿಡಿಯುತ್ತಿರಲಿಲ್ಲ. ಠಾಣೆಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಓದುಗರಿಗೆ ಬೇಕಾದದ್ದು ಇಷ್ಟು: ಮೆಸೇಜ್ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದು. ಕೇಂದ್ರ ಸರ್ಕಾರದ ಯೋಜನೆ ಬಗ್ಗೆ ಅನುಮಾನ ಇದ್ದರೆ ‘ಪಿಐಬಿ ಫ್ಯಾಕ್ಟ್ ಚೆಕ್’ ನೋಡಿ; ಉಳಿದವಕ್ಕೆ ನ್ಯೂಸ್‌ಚೆಕರ್ ಕನ್ನಡದಲ್ಲೇ ಬರೆಯುತ್ತೆ. ಅಂಗಡಿಯವರೇ, ಗಿರಾಕಿ ತೋರಿಸುವ ಪೇಮೆಂಟ್ ಸ್ಕ್ರೀನ್‌ಶಾಟ್ ನಂಬಬ್ಯಾಡ್ರಿ, ನಿಮ್ಮ ಖಾತೆಗೆ ಬಿದ್ದದ್ದೇ ಲೆಕ್ಕ. ನಕಲಿ ವಿಡಿಯೊ ನಂಬಿ ದುಡ್ಡು ಹಾಕಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡ್ರಿ. ಆ ಮೆಸೇಜ್ ಅಳಿಸಬ್ಯಾಡ್ರಿ, ದೂರು ಕೊಡುವಾಗ ಅದೇ ಬೇಕಾಗ್ತದ.