ಕೋಲಾರದಲ್ಲಿ ಉಳಿಯದೆ ಹೋದ ಉಗಿ

ಕೋಲಾರದ ಚಿನ್ನದ ಗಣಿಯ (ಕೆಜಿಎಫ್) ಕಥೆ ಹೇಳುವವರು ಎರಡು ತಾರೀಖುಗಳನ್ನು ಮರೆಯುವುದಿಲ್ಲ. 1902ರ ಜೂನ್ 30ರಂದು ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಹರಿಯಿತು; 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆದರೆ ವಿದ್ಯುತ್ ಬರುವ ಮೊದಲೇ, 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟಂದಿನಿಂದ ಸುಮಾರು ಎರಡು ದಶಕ, ಈ ಗಣಿಯನ್ನು ನಡೆಸಿದ್ದು ಉಗಿ. ಮೈಸೂರು ಮೈನ್, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಗಣಿಗಳು ಲಾಭದ ದಾರಿ ಹಿಡಿದದ್ದೂ ಆ ಕಾಲದಲ್ಲೇ. ಇಷ್ಟು ದೊಡ್ಡ ಅಧ್ಯಾಯ ಜನರ ನೆನಪಿನಿಂದ ಜಾರಿದ್ದೇಕೆ? ಅದನ್ನು ಕಣ್ಣಿಗೆ ತೋರಿಸುವ ಯಂತ್ರಗಳು ಉಳಿಯಲಿಲ್ಲ ಎನ್ನುವುದೇ ಮುಖ್ಯ ಕಾರಣವೆಂದು ನನ್ನ ವಾದ. ಗಣಿಗಿಳಿಯುವ ಬಾವಿಯ, ಅಂದರೆ ಶಾಫ್ಟಿನ, ಮೇಲಿನ ಉಕ್ಕಿನ ಗೋಪುರ, ಸೈನೈಡ್ ಮಣ್ಣಿನ ದಿಬ್ಬ, ಸಾಹೇಬರ ಬಂಗಲೆ ಇಂದಿಗೂ ಕಾಣುತ್ತವೆ. ಉಗಿಯ ಕಾಲವನ್ನು ಬೆರಳಿಟ್ಟು ತೋರಿಸಬಲ್ಲ ವಸ್ತು ಮಾತ್ರ ಅಪರೂಪ.

ಗಣಿಯಲ್ಲಿ ಉಗಿ ಎಂಜಿನ್ ಮಾಡುತ್ತಿದ್ದ ಕೆಲಸಗಳಲ್ಲಿ ನೀರೆತ್ತುವುದೂ ಕಲ್ಲು ಕುಟ್ಟುವುದೂ ಇದ್ದವು. ಆದರೆ ಅತ್ಯಂತ ನಾಜೂಕಿನದು ಶಾಫ್ಟಿನಲ್ಲಿ ಜನರನ್ನೂ ಅದಿರನ್ನೂ ಹೊರುವ ಕೇಜನ್ನು ಏರಿಸಿ ಇಳಿಸುವ ಕೆಲಸ. ಎರಡು ಸಿಲಿಂಡರುಗಳ ನಡುವೆ ದೊಡ್ಡ ಡ್ರಮ್ಮು. ಅದಕ್ಕೆ ಸುತ್ತಿದ ಉಕ್ಕಿನ ಹಗ್ಗದಲ್ಲಿ ಒಂದು ಕೇಜು ಮೇಲೆ ಬರುವಾಗ ಇನ್ನೊಂದು ಕೆಳಗಿಳಿಯುತ್ತದೆ. ಎಂಜಿನ್ ನಡೆಸುವವನಿಗೆ ಕೇಜು ಕಾಣುವುದಿಲ್ಲ. ಗಂಟೆ ಎಷ್ಟು ಸಲ ಬಾರಿಸಿತು, ಆಳ ತೋರಿಸುವ ಮುಳ್ಳು ಎಲ್ಲಿದೆ, ಡ್ರಮ್ಮಿನ ಮೇಲೆ ಬಳಿದ ಗುರುತು ಎಲ್ಲಿಗೆ ಬಂತು, ಇಷ್ಟನ್ನೇ ನಂಬಿ ಅವನು ಉಗಿ ಬಿಡಬೇಕು, ಬ್ರೇಕ್ ಹಾಕಬೇಕು. ಶಾಫ್ಟು ಆಳವಾದಂತೆ ಹಗ್ಗದ ತೂಕವೇ ದೊಡ್ಡ ಹೊರೆ. ಅದಿರಿನ ಜೊತೆ ಮನುಷ್ಯರ ಜೀವವೂ ಆ ಹಗ್ಗಕ್ಕೆ ತೂಗುತ್ತಿದ್ದಾಗ ಒಂದು ಕ್ಷಣದ ಮೈಮರೆವಿಗೂ ಅವಕಾಶವಿರಲಿಲ್ಲ. ಇಂಥ ಕೈಗಳಲ್ಲಿದ್ದ ವಿದ್ಯೆಯನ್ನು ಯಂತ್ರವಿಲ್ಲದೆ ವಿವರಿಸುವುದು ಕಷ್ಟ.

ಈ ಎಂಜಿನ್ನುಗಳ ದೊಡ್ಡ ತೊಂದರೆ ಹಸಿವು. ಕೇಜು ಸುಮ್ಮನೆ ನಿಂತಿದ್ದರೂ ಬಾಯ್ಲರಿನಲ್ಲಿ ಒತ್ತಡ ಇಳಿಯಬಾರದು. ಹಾಗಾಗಿ ಹಗಲೂ ರಾತ್ರಿ ಉರುವಲು ಬೇಕು. ಕೋಲಾರದಲ್ಲಿ ಕಲ್ಲಿದ್ದಲು ಸಿಗದು. ದೂರದಿಂದ ತರಬೇಕು, ಇಲ್ಲವೇ ಸುತ್ತಲಿನ ಕಾಡು ಕಡಿದು ಸೌದೆ ಒಟ್ಟಬೇಕು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲು ಹಾಕಿದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಶಿವನಸಮುದ್ರ ಯೋಜನೆಯನ್ನೂ ಅಷ್ಟೇ. ಸುಮಾರು 147 ಕಿಲೋಮೀಟರ್ ತಂತಿ ಎಳೆದು ಮೊದಲ ಹಂತದಲ್ಲಿ 4,000 ಅಶ್ವಶಕ್ತಿಯಷ್ಟು ವಿದ್ಯುತ್ತನ್ನು ಗಣಿಗೆ ಕೊಟ್ಟರು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಆಮೇಲೆ, 1905ರಲ್ಲಿ. ಮೈಸೂರಿನ ಹೆಮ್ಮೆಯ ಈ ಸಾಹಸವನ್ನು ದೂರದೃಷ್ಟಿಯ ಫಲವೆಂದು ಹೊಗಳುತ್ತೇವೆ, ಹೊಗಳಲೂಬೇಕು. ಆದರೆ ಆ ತಂತಿಯನ್ನು ಅಷ್ಟು ದೂರ ಎಳೆಸಿದ ಅವಸರ ಬಾಯ್ಲರಿನ ಬಾಯಿಂದ ಬಂದದ್ದು.

ಪರದೇಶಿ ಕಂಪನಿ ನಮ್ಮ ಚಿನ್ನ ಸಾಗಿಸಿದ ಯಂತ್ರಗಳನ್ನು ನಾವೇಕೆ ಕಾಪಾಡಬೇಕು ಎಂದು ಕೇಳುವವರಿದ್ದಾರೆ. ಆಕ್ಷೇಪ ಹಗುರವಲ್ಲ. 800 ಟನ್ನಿಗೂ ಮಿಗಿಲಾದ ಚಿನ್ನ ಹೊರಬಂದ ನೆಲದಲ್ಲಿ ದುಡಿದವರಿಗೆ ಉಳಿದದ್ದು ಧೂಳಿನ ರೋಗವೂ ಲೈನ್ ಮನೆಗಳೂ. ಆದರೆ ಯಂತ್ರ ಕರಗಿಸಿದರೆ ಕಂಪನಿಯ ಮಾನವೇನೂ ಹೋಗದು; ಅದರ ಲೆಕ್ಕಪತ್ರಗಳು ಲಂಡನ್ನಿನ ವಾರ್ಷಿಕ ವರದಿಗಳಲ್ಲಿ ಅಚ್ಚಾಗಿವೆ. ಅಳಿಸಿಹೋಗುವುದು ಉತ್ತರ ಆರ್ಕಾಟಿನಿಂದ, ಸೇಲಂನಿಂದ ಬಂದ ಕಾರ್ಮಿಕರ ಕೈಕೆಲಸದ ಸಾಕ್ಷಿ. ಮೊದಲು ಕಾರ್ಮಿಕರ ಬಾಕಿ ಕೊಡಿ, ಆಮೇಲೆ ಮ್ಯೂಸಿಯಂ ಎನ್ನುವ ಮಾತನ್ನೂ ನಾನು ಒಪ್ಪುತ್ತೇನೆ. ಆದರೆ ಒಂದು ಎಂಜಿನ್ ಉಳಿಸುವುದು ಅಷ್ಟು ದೊಡ್ಡ ಖರ್ಚಿನ ಮಾತಲ್ಲ. ಕೆಜಿಎಫ್‌ಗೆ ಅನುಭವಿ ಗಣಿಗಾರರನ್ನು ಕಳಿಸಿದ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಲೆವಂಟ್ ಗಣಿ 1930ರಲ್ಲಿ ಮುಚ್ಚಿತು. ಅದರ ಉಗಿ ಎಂಜಿನ್ ಗುಜರಿಗೆ ಹೋಗುವುದನ್ನು 1935ರಲ್ಲಿ ತಡೆದದ್ದು ಆಸಕ್ತರ ಒಂದು ಸಮಿತಿ. ಜರ್ಮನಿಯ ಎಸ್ಸೆನ್‌ನಲ್ಲಿ ಮುಚ್ಚಿದ ಝೋಲ್‌ಫೆರೈನ್ ಕಲ್ಲಿದ್ದಲು ಗಣಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 2001ರಲ್ಲಿ, ನಮ್ಮ ಗಣಿಗೆ ಬೀಗ ಬಿದ್ದ ವರ್ಷವೇ.

ಬೆಳಗಾವಿ ಜಿಲ್ಲೆಯ ಏಕಸಂಬಿಯಲ್ಲಿ ಕುಳಿತು ಓದುವವರಿಗೆ ಕೆಜಿಎಫ್ ರಾಜ್ಯದ ಇನ್ನೊಂದು ತುದಿ. ಆದರೆ ಕೋಲಾರ ಕೈಬಿಟ್ಟ ಉಗಿ ಕೃಷ್ಣಾ–ದೂಧಗಂಗಾ ಸೀಮೆಯಲ್ಲಿ ಇಂದಿಗೂ ದುಡಿಯುತ್ತಿದೆ. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆಯವರೆಗೆ ಉಗಿಯಿಲ್ಲದೆ ಹಂಗಾಮು ನಡೆಯದು. ಕಾರಣ ಸರಳ: ಇಲ್ಲಿ ಉರುವಲು ಕಬ್ಬಿನ ಗಾಡಿಯಲ್ಲೇ ಬರುತ್ತದೆ. ರಸ ಹಿಂಡಿದ ಸಿಪ್ಪೆ ಬಾಯ್ಲರಿಗೆ ಹೋಗುತ್ತದೆ, ಉಗಿ ಟರ್ಬೈನ್ ತಿರುಗಿಸುತ್ತದೆ, ಅಲ್ಲಿಂದ ಹೊರಬಿದ್ದ ಅದೇ ಉಗಿ ರಸ ಕಾಯಿಸುತ್ತದೆ. ಕೋಲಾರದಲ್ಲಿ ದುಬಾರಿಯಾದದ್ದು ಇಲ್ಲಿ ಅಗ್ಗ. ಆದರೆ ಸಕ್ಕರೆ ಉದ್ಯಮದಲ್ಲಿ ಉಗಿ ಎಂಜಿನ್ನಿನ ಜಾಗಕ್ಕೆ ಟರ್ಬೈನ್ ಬಂತು. ಈಗ ಅರೆಯುವ ರೋಲರುಗಳಿಗೆ ವಿದ್ಯುತ್ ಮೋಟರು, ವಿದ್ಯುತ್ ಮಾರಾಟಕ್ಕೆಂದು ಹೆಚ್ಚು ಒತ್ತಡದ ಹೊಸ ಬಾಯ್ಲರು ಬರುತ್ತಿವೆ. ಹಳೆಯದು ಲಿಲಾವಿಗೆ ಹೋಗುವುದು ಸಹಜ. ಓಡುವ ಕಾರ್ಖಾನೆ ಮ್ಯೂಸಿಯಂ ಆಗಿ ಕೂರಲಾರದು. ಆದರೂ ಕೋಲಾರಕ್ಕಿಲ್ಲದ ಒಂದು ಅನುಕೂಲ ಇಲ್ಲಿನ ಸಹಕಾರಿ ಕಾರ್ಖಾನೆಗಳಿಗಿದೆ: ಅವುಗಳ ಷೇರುದಾರರು ಇದೇ ಊರುಗಳ ಕಬ್ಬು ಬೆಳೆಗಾರರು. ಬಾಯ್ಲರಿನ ಮುಂದೆ ದುಡಿದ ಹಿರಿಯರ ಅನುಭವ ಬರೆದಿಡಲು, ಯಂತ್ರಗಳ ನಕ್ಷೆ ಜೋಪಾನ ಮಾಡಲು, ಗುಜರಿ ಟೆಂಡರಿನಿಂದ ಒಂದು ಹಳೆಯ ಯಂತ್ರ ಬಿಡಿಸಿಕೊಂಡು ಗೇಟಿನ ಬಳಿ ಸೂರಿನಡಿ ನಿಲ್ಲಿಸಲು ವಾರ್ಷಿಕ ಸಭೆಯ ಒಂದು ಠರಾವು ಸಾಕು.